ಗೋಡೆಯಾಚೆಯ ಟಕ್

ನನ್ನ ನೆನಪಿನಲ್ಲಿ ನಮ್ಮ ಟೆಲಿಟೈಪ್ ಹಸಿರು. ಎದುರಿಗಿರುವುದು ಬೂದು. ನಡುವೆ ಯಾರೂ ಬಣ್ಣ ಬಳಿದಿಲ್ಲವಾದ್ದರಿಂದ ಸುಳ್ಳು ಹೇಳುತ್ತಿರುವುದು ನೆನಪೇ ಇರಬೇಕು.

ಮಸ್ಕತ್ತಿನ ಯಾವುದೋ ಕಚೇರಿ ಬೇಡವೆಂದು ಬಿಟ್ಟ ಆ ಯಂತ್ರವನ್ನು ಇದೇ ಮನೆಗೆ ತಂದು ನನ್ನ ಮೊದಲ ಕಂಪ್ಯೂಟರಿಗೆ ಜೋಡಿಸಿದ್ದೆ. ಪರದೆ ಇರಲಿಲ್ಲ, ಕಂಪ್ಯೂಟರ್ ಹೇಳಿದ್ದನ್ನೆಲ್ಲ ಇದು ಕಾಗದದ ಸುರುಳಿಯ ಮೇಲೆ ಕುಟ್ಟುತ್ತಿತ್ತು. ಎರಡಕ್ಕೆರಡು ಕೂಡಿದರೂ ಅವಲಕ್ಕಿ ಕುಟ್ಟುವ ಗದ್ದಲ. ಎಲ್ಲವೂ ದೊಡ್ಡಕ್ಷರ, ಸಣ್ಣ ತಪ್ಪು ತೋರಿಸಿದರೂ ಬೈದಂತೆ ಕಾಣುತ್ತಿತ್ತು.

ಪಕ್ಕದಲ್ಲೊಂದು ಕಾಗದದ ಪಟ್ಟಿ; ಒತ್ತಿದ ಅಕ್ಷರಗಳನ್ನೆಲ್ಲ ಯಂತ್ರ ಅದರಲ್ಲಿ ತೂತುಗಳಾಗಿ ಕೊರೆದಿಡುತ್ತದೆ. ಅದರಲ್ಲಿ ತಪ್ಪಾದರೆ ಅಳಿಸುವಂತಿಲ್ಲ; ಹಿಂದೆ ಸರಿಸಿ ಆ ಜಾಗವನ್ನೆಲ್ಲ ತೂತು ಮಾಡಬೇಕು. ಯಂತ್ರ ಅಷ್ಟನ್ನು ಹಾರಿಸಿ ಓದುತ್ತದೆ. ನನ್ನ ನೆನಪೂ ಹೀಗೆಯೇ ಎಂಬ ಅನುಮಾನವಿದೆ. ಎಲ್ಲಿ ಪೂರ್ತಿ ತೂತೋ ಅಲ್ಲಿ ಓದು ಬಹಳ ಸಲೀಸು.

ಈಗ ಈ ಮನೆ ಬಿಟ್ಟು ಸಣ್ಣ ಮನೆಗೆ ಹೋಗುತ್ತಿದ್ದೇವೆ. ಹಳೆಯ ಸಾಮಾನು ಒಯ್ಯಲು ಇಲ್ಲೇ ಮಸ್ಕತ್ತಿನ ಘಾಲಾದ ಗುಜರಿಯವನು ನಿನ್ನೆ ಸಂಜೆ ಬರುವವನಿದ್ದ. ಯಂತ್ರ ಕೊಡಲಾರೆನೆಂದು ನಾನು ಗೊಣಗಿದ್ದಕ್ಕೆ ಹೆಂಡತಿ ಸುಮತಿ ಷರತ್ತು ಹಾಕಿದಳು: "ಇದರ ವಿಷಯ ಒಂದಾದ್ರೂ ನಿಜ ಹೇಳಿ. ಆಮೇಲೆ ಬೇಕಾದ್ರೆ ಇಟ್ಕೊಳ್ಳಿ."

ಬಣ್ಣದ ಮಾತೆತ್ತಲಿಲ್ಲ. "ಪಕ್ಕದ ಮನೆಯ ಈಜಿಪ್ಟಿನವನು ಸಿಟ್ಟಿನಿಂದ ಗೋಡೆ ಬಡೀತಿದ್ದ," ಎಂದೆ. ಎಷ್ಟೋ ಊಟಗಳಲ್ಲಿ ಹೇಳಿ ನಗಿಸಿದ ಕತೆ.

"ಎಂತ ಈಜಿಪ್ಟಿನವ ಮಾರಾಯ್ರೆ! ಆ ಗೋಡೆಯಾಚೆ ಇರುವುದು ನಮ್ಮದೇ ಅಡುಗೆಮನೆ. ಊಟಕ್ಕೆ ಕರೆದ್ರೆ ನಿಮಗೆಲ್ಲಿ ಕೇಳ್ತದೆ? ಸೌಟಲ್ಲಿ ಬಡೀತಿದ್ದದ್ದು ನಾನು."

ದಿನವೂ ಅಲ್ಲೇ ಉಣ್ಣುವವನಿಗೆ ಇದು ಹೊಳೆಯಬೇಕಿತ್ತು. ಆದರೂ ಪಟ್ಟು ಬಿಡಲಿಲ್ಲ. "ಈ ಗದ್ದಲದಲ್ಲಿ ಸೌಟಿನ ಸದ್ದು ಕೇಳುತ್ತದೆಯೇ?"

"ಚಾಲು ಮಾಡಿ, ನೋಡುವ."

ಕಂಪ್ಯೂಟರ್ ಎಂದೋ ಸತ್ತಿದೆ. ಟೆಲಿಟೈಪಿಗೆ ಪ್ಲಗ್ ಹಾಕಿ ಹಳೆಯ ತೂತುಪಟ್ಟಿಯೊಂದನ್ನು ಸಿಕ್ಕಿಸಿದೆ. ಗುರುಗುಟ್ಟಿತು, ಕುಟ್ಟತೊಡಗಿತು. ಸುಮತಿ ಅಡುಗೆಮನೆ ಸೇರಿದಳು. ಸಾಲಿನ ಕೊನೆಯಲ್ಲಿ ಅಚ್ಚಿನ ತಲೆ ಎಡಕ್ಕೆ ಮರಳುವ ಒಂದು ಗಳಿಗೆ ಕುಟ್ಟುವುದು ನಿಲ್ಲುತ್ತದೆ. ಸರಿಯಾಗಿ ಆ ಬಿಡುವಿನಲ್ಲಿ, ಗೋಡೆಯಾಚೆಯಿಂದ, ಟಕ್. ಮುಂದಿನ ಸಾಲು. ಮತ್ತೆ ಬಿಡುವು, ಟಕ್. ಸಾಲುಗಳು ಒಂದೇ ಉದ್ದವಿರಲಿಲ್ಲ. ಅವಳು ಒಮ್ಮೆಯೂ ತಪ್ಪಲಿಲ್ಲ. ಈ ಯಂತ್ರವನ್ನು ಬಲ್ಲವನು ನಾನೊಬ್ಬನೇ ಎಂದುಕೊಂಡಿದ್ದೆ.

ಅಷ್ಟರಲ್ಲಿ ಗುಜರಿಯವನು ಬಂದ. ಯಂತ್ರ ತೋರಿಸಿ "ಖಲಾಸ್?" ಎಂದ. ನಿಜ ಹೇಳುವ ಸರದಿ ನನ್ನದಾಗಿತ್ತು, ಹೇಳಿದ್ದು ಅವಳು. ಷರತ್ತು ಸೋತವನಂತೆ ಪ್ಲಗ್ ಕೀಳಲು ಬಗ್ಗಿದೆ. ಸುಮತಿ ಸೌಟಿನಿಂದಲೇ ಹಳೆಯ ಫ್ರಿಜ್ಜಿನತ್ತ ತೋರಿಸಿದಳು. "ಯೇ ನಹೀ ಭಾಯ್, ವೋ."

ಯಂತ್ರ ಬೂದು. ಬೇಗ ಬರೆದಿಡುತ್ತಿದ್ದೇನೆ, ಅದು ಮತ್ತೆ ಹಸಿರಾಗುವ ಮೊದಲು.