ಬಾಗಿಲಿಲ್ಲದ ಬಸ್ಸು

ಹಳೇ ಬಸ್ಸು ಕೊಂಡು ಮನೆ ಮಾಡ್ತೀನಿ ಅಂದಾಗ ನಕ್ಕವರೇ ಜಾಸ್ತಿ. ಅದೇ ಹಟಕ್ಕೆ ಸೀಟು ಕಿತ್ತು, ತುಕ್ಕು ಉಜ್ಜಿ, ಮಂಚ, ಗ್ಯಾಸ್ ಒಲೆ, ಸಿಂಕು ಎಲ್ಲ ಕೂರಿಸಿದೆ. ಉಳಿದಿದ್ದು ಬಾಗಿಲೊಂದೇ. ಅದನ್ನು ಹಾಕಿಸೋಣ ಅಂತ ಯಲಹಂಕದ ಶೆಡ್ಡಿನಿಂದ ಹೆಬ್ಬಾಳಕ್ಕೆ ಹೊರಟಿದ್ದೆ.

ಅಲ್ಲಾಳಸಂದ್ರದ ಸಿಗ್ನಲ್ಲಿನಲ್ಲಿ ನಿಂತಿದ್ದೇ ತಡ, ಸೊಪ್ಪಿನ ಚೀಲ ಹಿಡಿದ ಅಜ್ಜಿಯೊಬ್ಬರು ಹತ್ತಿ ಆಧಾರ್ ಕಾರ್ಡು ತೋರಿಸಿದರು.

"ಹೆಬ್ಬಾಳ."

"ಅಜ್ಜೀ, ಇದು ಬಸ್ಸಲ್ಲ. ನನ್ನ ಮನೆ."

ಅವರು ಒಳಗೆಲ್ಲ ಕಣ್ಣಾಡಿಸಿದರು. "ಹೆಬ್ಬಾಳಕ್ಕೆ ಓಯ್ತದೋ ಇಲ್ವೋ?"

"ಹೋಗುತ್ತೆ."

"ಮತ್ತೆ?" ಎಂದು ಮಂಚದ ಮೇಲೆ ಕೂತೇಬಿಟ್ಟರು.

ಹಿಂದೆ ಒಂದೇ ಸಮ ಹಾರ್ನು. ಸಿಡುಕುತ್ತಲೇ ಗೇರು ಹಾಕಿದೆ. ಸ್ವಲ್ಪ ದೂರ ಹೋದ ಮೇಲೆ ಅಜ್ಜಿ ಕೇಳಿದರು, "ಇದ್ರಲ್ಲಿ ಎಷ್ಟ್ ಜನ ಇರ್ತೀರಪ್ಪಾ?"

"ನಾನೊಬ್ಬನೇ."

"ಇಷ್ಟುದ್ದದ ಬಸ್ಸಿಗೆ ಒಬ್ನೇಯಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಬಾಡಿಗೆಯ ಗೋಳಿಲ್ಲ, ಯಾರ ಹಂಗೂ ಇಲ್ಲ, ಮನಸ್ಸು ಬಂದಲ್ಲಿ ನಿಲ್ಲಬಹುದು ಅಂತ ನೆಂಟರಿಗೆಲ್ಲ ಹೇಳಿ ಹೇಳಿ ಬಾಯಿಪಾಠವಾಗಿತ್ತು. ಅದನ್ನೆಲ್ಲ ಬಿಟ್ಟು, "ಹೆಬ್ಬಾಳದಲ್ಲಿ ಎಲ್ಲಿ ಇಳೀಬೇಕಜ್ಜೀ?" ಅಂತ ಕೇಳಿದೆ.

ಹೆಬ್ಬಾಳದ ಸ್ಟಾಪಿನಲ್ಲಿ ಇಳಿದವರು ಸುಮ್ಮನೆ ಹೋಗಬೇಕಲ್ಲ? ಅಲ್ಲಿ ಕಾಯುತ್ತಿದ್ದವರನ್ನು ಕೈಬೀಸಿ ಕರೆದರು. "ಬನ್ರೀ, ಬನ್ರೀ, ಪೂರ್ತಿ ಖಾಲಿ ಐತೆ!"

ಇಡೀ ವರ್ಷ ನಾನು ತುಂಬಿಸುತ್ತಾ ಬಂದ ಮನೆ ಅದು.

ಇಬ್ಬರು "ಮೇಖ್ರಿ ಸರ್ಕಲ್" ಅನ್ನುತ್ತಾ ಹತ್ತಿಯೂ ಬಿಟ್ಟರು. ಬಾಗಿಲು ಹಾಕುವ ವರ್ಕ್‌ಶಾಪು ಎದುರಿಗೇ ಕಾಣುತ್ತಿತ್ತು. ನಾನು ಮಾತ್ರ ಮೇಖ್ರಿ ಸರ್ಕಲ್ಲಿನವರೆಗೆ ಹೋಗಿ ಬಂದೆ.