ಎರಡೂ ಬಿಳಿ ಹೂವೇ ಕಟ್ಟಿದ್ದೆ

ನಂಬುವವರು ನಂಬಿ, ಬಿಡುವವರು ಬಿಡಿ. ದೆವ್ವ ಕಂಡೆ ಎನ್ನುವವರನ್ನು ನೋಡಿ ಕಿಸಕ್ಕನೆ ನಗುತ್ತಿದ್ದವಳು ನಾನು. ಆದರೆ ಇದು ನನ್ನ ಕಣ್ಣೆದುರೇ, ನಾನು ಹೆತ್ತ ಮಗನಿಗೆ ಆದದ್ದು. ಒಂದಕ್ಷರವೂ ಸೇರಿಸಿಲ್ಲ. ಬೆಟ್ಟದ ಹೆಸರನ್ನು ಮಾತ್ರ ಕೇಳಬೇಡಿ, ಹೇಳಲಾರೆ.

ನನ್ನ ತವರು ಚಾಮರಾಜನಗರದ ಕಡೆ. ಮದುವೆಯಾಗಿ ಬಂದದ್ದು ಉಡುಮಲೈಗೆ. ಆಗಿನ್ನೂ ನಮ್ಮೂರು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಗಂಡನ ಮನೆಯವರು ತಲೆತಲಾಂತರದಿಂದ ಅಲ್ಲೇ ಇರುವ ಕನ್ನಡದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಮ್ಮವರು ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದರು. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವಾಗ ರಾತ್ರಿ ಒಂಬತ್ತು.

ಮಗ ಕಾರ್ತಿಗೆ ಮೂರೂವರೆ ವರ್ಷ ತುಂಬಿದರೂ ಒಂದು ಮಾತು ಬಂದಿರಲಿಲ್ಲ. ಕಿವಿ ಚೆನ್ನಾಗಿ ಕೇಳುತ್ತಿತ್ತು. ಡಾಕ್ಟರು "ಬರುತ್ತೆ, ಕಾಯಿರಿ" ಎಂದಿದ್ದರು. ಎಷ್ಟು ದಿನ ಕಾಯುವುದು? ಬೀದಿಯ ಹೆಂಗಸರು ಆಗಲೇ ಅವನನ್ನು ಮೂಗ ಎನ್ನತೊಡಗಿದ್ದರು. ಅವನ ಬಾಯಲ್ಲಿ ಒಂದೇ ಒಂದು ಸಲ "ಅಮ್ಮ" ಅಂತ ಕೇಳಿದರೆ ಸಾಕು, ನನಗೆ ಬೇರೇನೂ ಬೇಡವಾಗಿತ್ತು.

ಮಾತು ಬಾರದ ಮಕ್ಕಳಿಗಾಗಿ ಆ ಬೆಟ್ಟದ ಗುಡಿಯಲ್ಲಿ ಗಂಟೆ ಕಟ್ಟುವ ಹರಕೆ ಉಂಟು. ದೀಪಾವಳಿ ಕಳೆದ ಮೇಲೆ ಇವರಿಗೆ ಹೇಗೋ ಒಂದು ಭಾನುವಾರ ಬಿಡುವು ಸಿಕ್ಕಿತು. ಬೆಳಿಗ್ಗೆ ಹೋಗಿ ಸಂಜೆಯೊಳಗೆ ವಾಪಸ್ಸು ಎಂದು ಮಾತಾಯಿತು. ಇವರು ಬಸ್ಸಿನ ಹೊತ್ತು ವಿಚಾರಿಸಿಕೊಂಡು ಬಂದರು. ನಾನು ಕೊಡೆ, ಮಗುವಿನ ಸ್ವೆಟರ್, ಹೊಸ ಹಿತ್ತಾಳೆ ಗಂಟೆ ಎಲ್ಲ ಚೀಲಕ್ಕೆ ತುಂಬಿದೆ.

ಅತ್ತೆ ಮಾತ್ರ ಒಪ್ಪಲಿಲ್ಲ.

"ಐಪ್ಪಸಿ ತಿಂಗ್ಳ ಮಳೆ ಕಣಮ್ಮ, ಸುಮ್ನೆ ಅಲ್ಲ. ಪೂ ಕೇಳ್ದೆ ಮಲೆ ಏರ್ಬಾರ್ದು."

ಐಪ್ಪಸಿ ಅಂದರೆ ತಮಿಳರ ಲೆಕ್ಕದಲ್ಲಿ ದೀಪಾವಳಿಯ ತಿಂಗಳು. ಹೂ ಕೇಳುವುದು ಅಂದರೆ ಅಲ್ಲಿಯವರಿಗೆ ದೇವರ ಅಪ್ಪಣೆ ಕೇಳಿದಂತೆ. ಒಂದು ಬಿಳಿ ಕಣಗಿಲೆ, ಒಂದು ಕೆಂಪು ಕಣಗಿಲೆ. ಎರಡನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿ ದೀಪದ ಮುಂದೆ ಇಡಬೇಕು. ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಬಿಳಿ ಬಂದರೆ ಹೋಗು, ಕೆಂಪು ಬಂದರೆ ಬೇಡ. ಉಳಿದದ್ದನ್ನು ಬಿಚ್ಚದೆ ತುಳಸಿ ಬುಡಕ್ಕೆ ಹಾಕಬೇಕು. ಅತ್ತೆಗೆ ಮಂಡಿನೋವು, ಹಿತ್ತಲಿಗೆ ಹೋಗಿ ಹೂ ಕಿತ್ತು ಪೊಟ್ಟಣ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು.

ಕೆಂಪು ಬಂದರೆ? ಈ ಭಾನುವಾರ ತಪ್ಪಿದರೆ ಇನ್ನು ಪೊಂಗಲ್‌ಗೇ ಇವರಿಗೆ ರಜೆ. ಕ್ಯಾಲೆಂಡರಿನ ಎರಡು ಹಾಳೆ ಹರಿದು, ಎರಡರಲ್ಲೂ ಬಿಳಿ ಹೂವನ್ನೇ ಕಟ್ಟಿದೆ. ದೇವರ ಕಿವಿಗೇ ಹೂವಿಟ್ಟೆನಲ್ಲ ಎಂದು ಒಳಗೊಳಗೇ ನಕ್ಕಿದ್ದೂ ಹೌದು.

ಅತ್ತೆ ಎತ್ತಿದರು. ಬಿಳಿ ಬಂತು. "ಸೆರಿ, ಸಾಮಿನೇ ಕರೀತಾನೆ, ಹೋಗ್ಬುಟ್ಟು ಬನ್ನಿ" ಎಂದು ಕಣ್ಣಿಗೊತ್ತಿಕೊಂಡರು. ಇನ್ನೊಂದನ್ನು ತುಳಸಿ ಬುಡದಲ್ಲಿ ಹಾಕಿದರೆ ಯಾರಾದರೂ ಬಿಚ್ಚಿ ನೋಡಿಯಾರು ಎಂದು ಹೆದರಿ ಚೀಲದ ತಳಕ್ಕೆ ಸೇರಿಸಿದೆ.

ಬೆಟ್ಟದ ಬುಡದಲ್ಲಿ ಒಂದು ಹಳ್ಳ. ಹೋಗುವಾಗ ಪಾದ ಮುಳುಗುವಷ್ಟೇ ನೀರು, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದೆವು. ಮೇಲೆ ಒಂದೇ ಕೋಣೆಯ ಗುಡಿ, ಕಬ್ಬಿಣದ ಸರಳಿನ ಬಾಗಿಲು, ಮುಂದೆ ತಗಡು ಹೊದಿಸಿದ ಮಂಟಪ. ಪಕ್ಕದ ಮರದ ತುಂಬ ಗಂಟೆಗಳು. ಗಾಳಿ ಬೀಸಿದರೆ ಇಡೀ ಮರವೇ ಗಿಲಿಗಿಲಿ ಎನ್ನುತ್ತಿತ್ತು.

ಮೂರು ಗಂಟೆಗೆಲ್ಲ ಪೂಜಾರಿ ಸರಳಿಗೆ ಬೀಗ ಹಾಕಿದ. "ಇಳಿದುಬಿಡಿ. ಇನ್ನು ಮೇಲೆ ಇಲ್ಲಿ ಯಾರೂ ಇರಕೂಡದು" ಎಂದು ತಮಿಳಿನಲ್ಲಿ ಹೇಳಿ ಹೊರಟೇಹೋದ. ಗಂಟೆ ಕಟ್ಟಿ ಹಿಂದೆಯೇ ಬರುತ್ತೇವೆ ಎಂದೆವು. ಆದರೆ ಇವರು ಎಷ್ಟು ಬಿಗಿದರೂ ಗಂಟು ನಿಲ್ಲದು. ಮೂರು ಸಲ ಬಿಚ್ಚಿಕೊಂಡು ಬಿತ್ತು. ನಾಲ್ಕನೆಯ ಸಲ ನಿಂತಿತು, ಅಷ್ಟರಲ್ಲಿ ಮಳೆ ಹಿಡಿಯಿತು.

ಅಂಥ ಮಳೆ ನಾನು ಕಂಡಿರಲಿಲ್ಲ. ಇವರು ಅರ್ಧ ಮೆಟ್ಟಿಲಿಳಿದು ನೋಡಿ ಬಂದು, "ಹಳ್ಳ ಕೆಂಪಾಗಿ ಹರೀತಿದೆ" ಎಂದರು. ಕಾದೆವು. ಐದಾಯಿತು, ಆರಾಯಿತು. ಕತ್ತಲು ಬಿತ್ತು. ಮೊಬೈಲಿಗೆ ಸಿಗ್ನಲ್ ಇಲ್ಲ. ಮುಂದೆ ನೀರು, ಹಿಂದೆ ಬೀಗ, ಸುತ್ತ ಕಾಡು... ಬೋನಿಗೆ ಬಿದ್ದ ಇಲಿಯ ಪಾಡಾಯಿತು ನಮ್ಮದು.

ಕಾರ್ತಿ ನನ್ನ ತೊಡೆಯ ಮೇಲೆ ಮಲಗಿದ್ದ. ನಡುವೆ ಮಳೆ ಕೊಂಚ ಇಳಿಯಿತು. ಇವರು ಪಂಚೆ ಎತ್ತಿ ಕಟ್ಟಿದರು.

"ಈಗ್ಲೇ ದಾಟ್ಬುಡೋಣ ಗೀತಾ. ಮಗೂನ ಹೆಗಲ ಮೇಲೆ ಕೂರಿಸ್ಕೊತೀನಿ. ನೀ ನನ್ನ ಕೈ ಹಿಡ್ಕೋ."

"ಕತ್ತಲಲ್ಲಿ ಬೇಡ ರೀ..."

"ರಾತ್ರಿಯೆಲ್ಲ ಇಲ್ಲಿದ್ರೆ ಮಗೂಗೆ ಜ್ವರ ಬರುತ್ತೆ. ಹಳ್ಳದ ತಣ್ಣಿ ಮೊಣಕಾಲಿಗೇ ಇರೋದು, ಏಳು."

ನಾನು ತೊಡೆ ಮುಟ್ಟಿ ನೋಡಿಕೊಂಡೆ. ಮಗು ಅಲ್ಲಿರಲಿಲ್ಲ.

ಆಗಲೇ ಗಂಟೆಗಳು ನಿಂತವು. ಗಾಳಿ ಬೀಸುತ್ತಲೇ ಇತ್ತು, ತಗಡು ಪಟಪಟ ಬಡಿಯುತ್ತಲೇ ಇತ್ತು. ಆದರೆ ಅಷ್ಟು ಹೊತ್ತಿನಿಂದ ಬಾಯಿ ಮುಚ್ಚದ ಆ ಮರದಲ್ಲಿ ಒಂದು ಗಂಟೆಯೂ ಮಿಸುಕಲಿಲ್ಲ. ಬೀಗ ಹಾಕಿದ ಗುಡಿಯೊಳಗಿಂದ ಆಗತಾನೇ ಆರಿಸಿದ ಬತ್ತಿಯ ಕಮಟು ವಾಸನೆ ಬಂತು. ಪೂಜಾರಿ ಹೋಗಿ ನಾಲ್ಕು ಗಂಟೆಯಾಗಿತ್ತು.

ಇವರು ಮೊಬೈಲಿನ ಬೆಳಕು ಬಿಟ್ಟರು. ಕಾರ್ತಿ ಸರಳಿನ ಬಾಗಿಲ ಮುಂದೆ ನಮಗೆ ಬೆನ್ನು ಮಾಡಿ ನಿಂತಿದ್ದ. ದೊಡ್ಡವರ ಮಾತು ಕೇಳಿಸಿಕೊಳ್ಳುವವನಂತೆ ತಲೆಯೆತ್ತಿ ಒಳಗಿನ ಕತ್ತಲನ್ನೇ ನೋಡುತ್ತಿದ್ದ. ಒಮ್ಮೆ ತಲೆಯಾಡಿಸಿದ.

"ಆಯ್ತು... ಇರ್ತೀನಿ" ಎಂದ.

ಸ್ಪಷ್ಟವಾಗಿ ಎಂದ. ಸ್ವಲ್ಪವೂ ತೊದಲಲಿಲ್ಲ.

ಮಗನಿಗೆ ಮಾತು ಬಂತೆಂದು ಕುಣಿಯಬೇಕಾದವಳು ಅವನ ಬಾಯಿ ಮುಚ್ಚಲು ಓಡಿದೆ. ಇವರು ಅವನನ್ನು ಎತ್ತಿಕೊಳ್ಳಲು ಹೋದರು. ಎರಡೂ ಕೈಯಲ್ಲಿ ಸರಳು ಹಿಡಿದಿದ್ದ. ಆ ಪುಟ್ಟ ಬೆರಳುಗಳನ್ನು ದಿನವಿಡೀ ಕತ್ತರಿ ಆಡಿಸುವ ಇವರ ಕೈಗೂ ಬಿಡಿಸಲಾಗಲಿಲ್ಲ.

"ಯಾರ್ ಕೂಡ ಮಾತಾಡ್ದ ಇವನು?" ಎಂದು ಇವರು ಪಿಸುಗುಟ್ಟಿದರು.

ಇನ್ನೂ ಬೆರಳು ಬಿಡಿಸುತ್ತಲೇ ಇದ್ದೆವು. ಕೆಳಗೆ ಬೆಟ್ಟವೇ ಕುಸಿದಂಥ ಸದ್ದಾಯಿತು. ಮಿಂಚಿನಲ್ಲಿ ನೋಡಿದೆವು. ಹಳ್ಳವಿದ್ದಲ್ಲಿ ಮರಗಳನ್ನು ಬುಡಸಮೇತ ಉರುಳಿಸಿಕೊಂಡು ನೀರು ನುಗ್ಗುತ್ತಿತ್ತು. ಆ ಹೊತ್ತಿಗೆ ನಾವು ಮೂವರೂ ಅದರ ನಡುವೆ ಇರಬೇಕಿತ್ತು.

ಬೆಳಗಿನವರೆಗೆ ಅವನು ಸರಳು ಬಿಡಲಿಲ್ಲ. ನಾವಿಬ್ಬರೂ ಅವನನ್ನು ಬಳಸಿ ಕುಳಿತು ಗುಡಿಯ ಕಡೆಗೆ ಬೆನ್ನು ಹಾಕಲು ಹೆದರಿ ಸಾಯುತ್ತಿದ್ದೆವು. ಬೆಳಕಾದ ಮೇಲೆ ಪೂಜಾರಿ ಊರವರೊಂದಿಗೆ ಹಗ್ಗ ತಂದು ನಮ್ಮನ್ನು ದಾಟಿಸಿದ. ಮಗು ರಾತ್ರಿಯೆಲ್ಲ ಗುಡಿಯ ಹತ್ತಿರವೇ ಇತ್ತೇ ಎಂದು ಕೇಳಿದ. ಹೌದೆಂದೆ. ಆಮೇಲೆ ದಾರಿಯುದ್ದಕ್ಕೂ ಅವನು ಮಗುವಿನ ಮುಖ ನೋಡಲಿಲ್ಲ.

ಮನೆಗೆ ಬಂದ ಮೂರನೆಯ ದಿನ ಕಾರ್ತಿ "ಅಮ್ಮ" ಎಂದ. ಅತ್ತೆ ಬೀದಿಗೆಲ್ಲ ಸಕ್ಕರೆ ಹಂಚಿದರು. ನಾನು ಕಣ್ಣೀರಿಟ್ಟೆ. ಆದರೆ ಅದು ಅವನ ಮೊದಲ ಮಾತಲ್ಲ ಎಂಬುದು ನನಗೂ ಇವರಿಗೂ ಮಾತ್ರ ಗೊತ್ತು.

ಅವತ್ತೇ ಚೀಲ ಒಗೆಯಲು ತೆಗೆದಾಗ ತಳದಲ್ಲಿ ಆ ಪೊಟ್ಟಣ ಸಿಕ್ಕಿತು. ತುಳಸಿ ಕಟ್ಟೆಯ ಮರೆಯಲ್ಲಿ ಕುಳಿತು ಬಿಚ್ಚಿದೆ.

ಒಳಗಿದ್ದದ್ದು ಕೆಂಪು ಕಣಗಿಲೆ.

ನಾನೇ ಕಿತ್ತದ್ದು, ನಾನೇ ಕಟ್ಟಿದ್ದು. ಎರಡೂ ಬಿಳಿ. ಇದನ್ನು ಯಾವ ದೇವರ ಮುಂದೆ ಬೇಕಾದರೂ ದೀಪ ಆರಿಸಿ ಹೇಳುತ್ತೇನೆ. ಚೀಲಕ್ಕೆ ನನ್ನ ಕೈ ಬಿಟ್ಟು ಬೇರೆ ಕೈ ಹೋಗಿರಲಿಲ್ಲ. ನನ್ನ ಮೋಸವನ್ನು ಯಾರೋ ಸರಿ ಮಾಡಿದ್ದರು. ಹಾಗಾದರೆ ಅತ್ತೆ ಎತ್ತಿದ ಬಿಳಿ ಹೂವು ನಾನು ಹೂಡಿದ ಆಟವಲ್ಲ. ನಮ್ಮನ್ನು ನಿಜವಾಗಿಯೂ ಕರೆದದ್ದು ಆ ಬೆಟ್ಟವೇ.

ಅದು ಜೀವ ಉಳಿಸಿತು, ಮಾತನ್ನೂ ಕೊಟ್ಟಿತು. ಆದರೆ ಇರ್ತೀಯಾ ಎಂದು ಅದು ಕೇಳಿದ್ದು ಆ ಒಂದು ರಾತ್ರಿಗೋ, ಶಾಶ್ವತವಾಗಿಯೋ? ಅದನ್ನು ನಾನು ಯಾರನ್ನು ಕೇಳಲಿ?

ಈಗ ಅತ್ತೆ ಇಲ್ಲ. ಕಾರ್ತಿ ಕೊಯಮತ್ತೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾನೆ. ಆ ಬೆಟ್ಟದ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅವನಿಗೆ ಏನನ್ನೂ ಹೇಳಿಲ್ಲ. ಮೊನ್ನೆ ಗುರುವಾರ ಫೋನು ಮಾಡಿ ಆ ಹೆಸರನ್ನೇ ಹೇಳಿದ.

"ಫ್ರೆಂಡ್ಸ್ ಜೊತೆ ಭಾನುವಾರ ಬೈಕಲ್ಲಿ ಹೋಗ್ತಿದೀನಮ್ಮ. ಸಾಯಂಕಾಲಕ್ಕೆಲ್ಲ ವಾಪಸ್ಸು. ಮಳೆ ಬಂದ್ರೆ ಬರ್ಲಿ, ಮೇಲೆ ಮಂಟಪ ಇದೆಯಲ್ಲ."

ಮಂಟಪ ಇರುವುದು ಅವನಿಗೆ ಹೇಗೆ ಗೊತ್ತು?

ಅಂದೇ ಹೂ ಕೇಳಿದೆ. ಈ ಸಲ ಮೋಸವಿಲ್ಲ, ಒಂದು ಬಿಳಿ, ಒಂದು ಕೆಂಪು. ಕಣ್ಣು ಮುಚ್ಚಿ ಎತ್ತಿದ್ದೂ ಆಯಿತು. ಇವತ್ತು ಶನಿವಾರ. ಹೊರಗೆ ಮೋಡ ಕಟ್ಟಿದೆ. ಎತ್ತಿದ ಪೊಟ್ಟಣ ಇನ್ನೂ ನನ್ನ ಕೈಯಲ್ಲಿದೆ, ಬಿಚ್ಚಲು ಧೈರ್ಯ ಬಂದಿಲ್ಲ.