ಸುತ್ತಿಗೆ ವರ್ನಾ

ಗಾಜಿನ ಕಾರ್ಖಾನೆಯಲ್ಲಿ ವರ್ನಾ ಲಾಂಬಿಯೊ ಎಂಬವಳ ಕೆಲಸ ಒಡೆಯುವುದು. ಅವಳ ತಮ್ಮ ಆಲ್ವಿನ್ ಮತ್ತು ಜೊತೆಗಾರರು ಬೆವರು ಸುರಿಸಿ ಊದಿದ ಹೂಜಿಗಳು ಅವಳ ಮೇಜಿಗೆ ಬರುತ್ತಿದ್ದವು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡುವಳು. ಕೂದಲೆಳೆಯಷ್ಟು ಗೆರೆ ಕಂಡರೂ ಪುಟ್ಟ ಸುತ್ತಿಗೆಯಿಂದ ಒಂದೇಟು. ಚೂರುಗಳು ಮತ್ತೆ ಕುಲುಮೆಗೆ. ಚೆನ್ನಾಗಿದ್ದುದನ್ನು ಚೆನ್ನಾಗಿದೆ ಅನ್ನುವ ಹೆಂಗಸಲ್ಲ ಅವಳು. "ಮುಂದಿನದು" ಅನ್ನುವಳು, ಅಷ್ಟೆ. ಊರಿನ ಗಟ್ಟಿ ಗಂಡಸರು ಆ ಒಂದು ಮಾತಿಗಾಗಿ ಬಾಯಿ ಬಿಟ್ಟು ಕಾಯುತ್ತಿದ್ದರು. ಬೆನ್ನ ಹಿಂದೆ ಅವಳಿಗೆ ಸುತ್ತಿಗೆ ವರ್ನಾ ಎಂದು ಹೆಸರಿಟ್ಟಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ವೆಸ್ಟ್ ವರ್ಜೀನಿಯಾದ ಕೋಲ್ಟರ್ಸ್ ಫೋರ್ಕ್‌ನಲ್ಲಿ ಕಲ್ಲಿದ್ದಲು ಗಣಿ ಎಂದೋ ಮುಚ್ಚಿತ್ತು. ಉಳಿದಿದ್ದ ಗಾಜಿನ ಕಾರ್ಖಾನೆಯನ್ನೂ ಮಾಲೀಕರು ಕೈಬಿಟ್ಟಾಗ ಊರು ಸಾವಿನ ಮನೆಯಂತಾಯಿತು. ಗಾಜಿನ ಕುಲುಮೆಯನ್ನು ಆರಲು ಬಿಡುವಂತಿಲ್ಲ. ಆರಿದರೆ ಒಳಗೆ ಗಾಜು ಕರಗಿಸುವ ಮಣ್ಣಿನ ಮಡಕೆಗಳು ಸೀಳಿಹೋಗುತ್ತವೆ, ಕಾರ್ಖಾನೆಯ ಕತೆ ಅಲ್ಲಿಗೆ ಮುಗಿಯಿತು. ವರ್ನಾ ಮನೆಮನೆಯ ಜಗಲಿ ಹತ್ತಿದಳು. ಕೆಲಸಗಾರರೇ ಸೇರಿ ಕಾರ್ಖಾನೆ ನಡೆಸೋಣ, ಬೇಡಿಕೆ ಸಿಗುವವರೆಗೆ ಸರದಿಯಲ್ಲಿ ಕುಲುಮೆ ಆರದಂತೆ ಕಾಯೋಣ ಎಂದಳು. ಹುಬ್ಬು ಗಂಟಿಕ್ಕಿಕೊಂಡೇ ಕೇಳಿದಳು, ಆದರೂ ಜನ ಬಂದರು. ಅವಳ ಮಾತಿಗೆ ಇಲ್ಲ ಅನ್ನುವ ಧೈರ್ಯ ಯಾರಿಗಿತ್ತು?

ಮೊದಲ ಬೇಡಿಕೆ ಬೆಟ್ಟದ ಮೇಲಿನ ಹೋಟೆಲೊಂದರಿಂದ ಬಂತು: ನೀಲಿ ಹೂಜಿಗಳು, ಸೋಮವಾರ ಲಾರಿ ಬರುತ್ತದೆ. ಹಿಡಿಸಿದರೆ ವರ್ಷವಿಡೀ ಕೆಲಸ, ಇಲ್ಲದಿದ್ದರೆ ಬಾಗಿಲಿಗೆ ಬೀಗ. ಗ್ಯಾಸ್ ಉಳಿಸಲು ಕುಲುಮೆಯ ಉರಿ ತಗ್ಗಿಸೋಣವೆಂದು ಸಭೆಯಲ್ಲಿ ತೀರ್ಮಾನವಾಯಿತು. ಕೈ ಎತ್ತಿದವರಲ್ಲಿ ವರ್ನಾಳೂ ಒಬ್ಬಳು.

ಶುಕ್ರವಾರ ಮೇಜಿನ ಮೇಲೆ ಹೂಜಿಗಳು ಸಾಲುಗಟ್ಟಿದವು. ಅವಳು ಮೊದಲನೆಯದನ್ನು ಬೆಳಕಿಗೆ ಹಿಡಿದಳು. ಗಾಜಿನೊಳಗೆ ಸಾಸಿವೆಗಿಂತ ಸಣ್ಣ ಗಾಳಿಗುಳ್ಳೆಗಳು. ಎರಡನೆಯದರಲ್ಲೂ ಅದೇ. ಉರಿ ಸಾಲದೆ ಗಾಜು ಹದಕ್ಕೆ ಬಂದಿರಲಿಲ್ಲ.

"ನೀರು ತುಂಬಿದ್ರೆ ಯಾರಿಗೂ ಕಾಣಲ್ಲ ಕಣೇ," ಎಂದ ಆಲ್ವಿನ್.

ವರ್ನಾ ಸುತ್ತಿಗೆ ಎತ್ತಿಕೊಂಡಳು. ಸಾಲಿನ ಕೊನೆಯವರೆಗೂ ಒಡೆದಳು. ಯಾರೋ ಗೋಡೆಗೆ ಮುಖ ಮಾಡಿ ಅತ್ತರು.

"ಊರಿನ ಅನ್ನಕ್ಕೇ ಕಲ್ಲು ಹಾಕ್ದೆಯಲ್ಲ," ಎಂದ ಆಲ್ವಿನ್. "ಮಾಲೀಕರು ಹೋದ್ರು. ಇನ್ನೂ ಯಾರಿಗೋಸ್ಕರ ಒಡೀತೀಯ?"

"ಅವರ ಹೆಸರಲ್ಲಿ ಮಾಲು ಹೋಗೋವಾಗ್ಲೇ ಕೆಟ್ಟದ್ದನ್ನ ಬಿಟ್ಟವಳಲ್ಲ ನಾನು. ಈಗ ನಮ್ಮ ಹೆಸರಲ್ಲಿ ಹೋಗುತ್ತೆ, ಬಿಡ್ಲಾ?" ಎಂದಳು. ಆಮೇಲೆ ದನಿ ತಗ್ಗಿಸಿ, "ಉರಿ ತಗ್ಗಿಸೋಕೆ ನಾನೂ ಕೈ ಎತ್ತಿದ್ದೆ. ತಪ್ಪು ನಂದೂ ಇದೆ" ಎಂದಳು.

ಆಲ್ವಿನ್ ಟೋಪಿ ನೆಲಕ್ಕೆಸೆದು ಹೊರಟುಹೋದ. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ವರ್ನಾ ಒಬ್ಬಳೇ ಕುಳಿತು ನೀಲಿ ಚೂರುಗಳನ್ನು ಗುಡಿಸಿ ಡಬ್ಬಕ್ಕೆ ತುಂಬಿದಳು. ಅಂದು ಮನೆಗೆ ಹೋಗುವಾಗ ಅವಳಿಗೆ ನಿಜಕ್ಕೂ ಭಯವಾಗಿತ್ತು.

ಶನಿವಾರ ಬೆಳಿಗ್ಗೆ ಬಂದರೆ ಕುಲುಮೆ ಬುಸುಗುಡುತ್ತಿತ್ತು. ಯಾರೋ ಉರಿಯನ್ನು ಪೂರ್ತಿ ಏರಿಸಿ, ಅವಳು ತುಂಬಿಟ್ಟ ಚೂರುಗಳನ್ನೆಲ್ಲ ಒಳಗೆ ಸುರಿದಿದ್ದರು. ಆಲ್ವಿನ್ ಊದುಕೊಳವೆ ಹಿಡಿದು ನಿಂತಿದ್ದ, ಅವಳತ್ತ ತಿರುಗಿಯೂ ನೋಡಲಿಲ್ಲ. ಹೆಂಗಸರು ಮಾಂಸ ತುಂಬಿದ ಪೆಪರೋನಿ ರೋಲ್, ಜೋಳದ ಬ್ರೆಡ್ಡು, ಬೇಯಿಸಿದ ಬೀನ್ಸ್ ತಂದು ಬಡಿಸಿದರು. ವರ್ನಾಳ ತಟ್ಟೆಗೂ ಹಾಕಿದರು, ಮಾತು ಮಾತ್ರ ಆಡಲಿಲ್ಲ. ಹೊಸ ಹೂಜಿಗಳು ಸೀಳದಂತೆ ಮೆಲ್ಲಗೆ ತಣಿಯಲು ಹದ ಬಿಸಿಯ ಒಲೆಯೊಳಗೆ ಹೋದವು.

ಭಾನುವಾರ ಚರ್ಚಿನ ಗಂಟೆ ಬಾರಿಸಿದರೂ ಕಾರ್ಖಾನೆಯಿಂದ ಯಾರೂ ಏಳಲಿಲ್ಲ. ಕೊನೆಗೆ ಪಾದ್ರಿಯೇ ಅಲ್ಲಿಗೆ ಬಂದು ಬಾಗಿಲ ಬಳಿ ಟೋಪಿ ತೆಗೆದು ನಿಂತ. ಆಲ್ವಿನ್ ಮೊದಲ ಹೂಜಿ ತಂದು ಅಕ್ಕನ ಮುಂದಿಟ್ಟ. ಅದರ ಪಕ್ಕದಲ್ಲೇ ಸುತ್ತಿಗೆಯನ್ನೂ ಇಟ್ಟ.

ಅವಳು ಹೂಜಿಯನ್ನು ಕಿಟಕಿಗೆ ಹಿಡಿದಳು, ತಿರುಗಿಸಿದಳು, ಮತ್ತೆ ತಿರುಗಿಸಿದಳು. ನೀಲಿ ಬೆಳಕು ಅವಳ ಸುಕ್ಕುಗಟ್ಟಿದ ಕೆನ್ನೆಯ ಮೇಲೆ ಹರಿದಾಡಿತು. ಅವಳ ಕೈ ಸುತ್ತಿಗೆಯತ್ತ ಹೋಯಿತು. ಅದನ್ನೆತ್ತಿ ತಮ್ಮನ ಜೇಬಿಗಿಳಿಸಿ, ಕಣ್ಣೊರೆಸಿಕೊಂಡಳು.

"ಮುಂದಿನದು," ಎಂದಳು.